ತಿಪ್ಪೆಯಿಂದ ಕೆರೆಗೆ, ಕೆರೆಯಿಂದ ಕೊಳವೆಬಾವಿಗೆ

ಮುಂಗಾರಿಗೆ ಮುಂಚೆ ರಾಗಿ ಹೊಲಕ್ಕೆ ತಿಪ್ಪೆ ಗೊಬ್ಬರ ಹೊಡೆಸುವುದು ನಮ್ಮ ಮನೆಯ ವಾಡಿಕೆ. ಈ ಸಲ ಟ್ರ್ಯಾಕ್ಟರ್ ಸುರಿದು ಹೋದ ಗುಡ್ಡೆಗಳನ್ನು ಎಳೆದು ಹರಡುವಾಗ ಗುದ್ದಲಿಗೆ ಸಿಕ್ಕಿದ್ದನ್ನೆಲ್ಲ ಬದುವಿನ ಮೇಲೆ ಎತ್ತಿಡುತ್ತಾ ಹೋದೆ. ಶಾಂಪೂ ಸ್ಯಾಷೆಗಳು, ಗುಟ್ಕಾ ಚೀಟಿಗಳು, ಹಾಲಿನ ಕವರ್‌ಗಳು, ಮಣ್ಣು ಮೆತ್ತಿಕೊಂಡು ಉಬ್ಬಿದ ಮೂರು ಡೈಪರ್, ಔಷಧಿ ಡಬ್ಬಿಯ ಮುಚ್ಚಳ, ಸೂಜಿಯ ಸಮೇತ ಒಂದು ಇನ್ಸುಲಿನ್ ಸಿರಿಂಜ್. ಅಮ್ಮ ಆ ರಾಶಿಯನ್ನು ನೋಡಿ, "ಗೊಬ್ಬರವೆಂದು ದುಡ್ಡು ಕೊಟ್ಟು ಕಸ ಹೊಡೆಸಿದೆಯಲ್ಲಪ್ಪ" ಎಂದರು. ಅವರ ಮಾತಿಗೆ ಉತ್ತರ ಕೊಡಲು ನನಗೆ ಆಗಲಿಲ್ಲ. ಈ ಲೇಖನ ಆ ಉತ್ತರವನ್ನು ಹುಡುಕುವ ಪ್ರಯತ್ನ.

ತಿಪ್ಪೆ ಎಂದರೆ ಹೊಲಸು ಎಂಬ ಅರ್ಥ ಈಚಿನದು. ಸಗಣಿ, ಗಂಜಲ, ಒಲೆಯ ಬೂದಿ, ದನ ತಿಂದುಳಿಸಿದ ಹುಲ್ಲು, ಅಂಗಳ ಗುಡಿಸಿದ ಕಸ ಒಂದರ ಮೇಲೊಂದು ಬಿದ್ದು ಕೊಳೆಯುವ ತಿಪ್ಪೆ ಒಂದು ಅಚ್ಚುಕಟ್ಟಾದ ವ್ಯವಸ್ಥೆಯಾಗಿತ್ತು. ಸಗಣಿಯಲ್ಲಿ ಸಾರಜನಕ ಹೆಚ್ಚು, ಒಣಹುಲ್ಲಿನಲ್ಲಿ ಇಂಗಾಲ ಹೆಚ್ಚು. ಎರಡೂ ಹದವಾಗಿ ಬೆರೆತರೆ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ, ಒಳಗಿನ ಶಾಖ 60 ಡಿಗ್ರಿಯ ಹತ್ತಿರ ಏರುತ್ತದೆ, ಕಳೆಯ ಬೀಜಗಳೂ ರೋಗಾಣುಗಳೂ ಬೇಯುತ್ತವೆ. ಹೊಲದಿಂದ ಮನೆಗೆ ಬಂದದ್ದು ವರ್ಷ ತುಂಬುವುದರೊಳಗೆ ಹೊಲಕ್ಕೇ ಮರಳುತ್ತಿತ್ತು. ಮನೆಗೆ ಬರುವ ವಸ್ತುಗಳೆಲ್ಲ ಮಣ್ಣಿನಿಂದಲೇ ಬರುತ್ತಿದ್ದಷ್ಟು ಕಾಲ ಈ ಲೆಕ್ಕ ತಪ್ಪಲಿಲ್ಲ. ಕಾರ್ಖಾನೆಯಿಂದ ಬಂದ ವಸ್ತುವಿಗೂ ನಾವು ಅದೇ ದಾರಿಯನ್ನು ತೋರಿಸಿದ್ದರಿಂದ ಲೆಕ್ಕ ತಪ್ಪಿತು.

ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ಈ ತಪ್ಪಿಗೆ ಬೇರೆಡೆಗಿಂತ ದೊಡ್ಡ ಬೆಲೆ ತೆರಬೇಕಾಗುತ್ತದೆ. ಅದಕ್ಕೆ ಕಾರಣ ಇಲ್ಲಿನ ನೆಲದ ರಚನೆ. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲವೂ ನಮ್ಮ ಬೆಟ್ಟಸಾಲುಗಳಲ್ಲೇ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಹೆಮ್ಮೆಯಿಂದ ಕಲಿತೆವು. ಹುಟ್ಟುವ ನದಿಗಳಲ್ಲಿ ವರ್ಷವಿಡೀ ಹರಿಯುವುದು ಒಂದೂ ಇಲ್ಲ. ಬಿದ್ದ ಮಳೆಯನ್ನು ಹಿಡಿದಿಡಲು ಹಿರಿಯರು ಕೆರೆಗಳನ್ನು ಸರಣಿಯಾಗಿ ಕಟ್ಟಿದರು. ಮೇಲಿನ ಕೆರೆಯ ಕೋಡಿ ಹರಿದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ, ಅಲ್ಲಿಂದ ಅದರ ಕೆಳಗಿನದಕ್ಕೆ. ತೊಳೆದುಕೊಂಡು ಹೋಗುವ ಹೊಳೆ ಇಲ್ಲದ ಊರಿನಲ್ಲಿ ಚರಂಡಿಗೆ ಬಿಟ್ಟದ್ದು ಕೆರೆಯಲ್ಲಿ ಕೂರುತ್ತದೆ. ಕೆರೆಯಲ್ಲಿ ಕೂತದ್ದು ಇಂಗುತ್ತದೆ. ಇಂಗಿದ್ದನ್ನು ಸಾವಿರ, ಸಾವಿರದ ಐನೂರು ಅಡಿಯ ಕೊಳವೆಬಾವಿಯಿಂದ ಎತ್ತಿ ನಾವೇ ಕುಡಿಯುತ್ತೇವೆ. ಎರಡೂ ಜಿಲ್ಲೆಗಳಲ್ಲಿ ಅಂತರ್ಜಲವನ್ನು ಮರುಪೂರಣಕ್ಕಿಂತ ಹೆಚ್ಚಾಗಿ ಎತ್ತಲಾಗುತ್ತಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿ ವರ್ಷಗಳಿಂದ ಹೇಳುತ್ತಲೇ ಇದೆ. ಬಿಸಾಡಲು 'ಆಚೆ' ಎಂಬ ಜಾಗವೊಂದು ಇರಬೇಕು. ನಮ್ಮಲ್ಲಿ ಆ ಜಾಗ ಇಲ್ಲ.

ವಾಯುಮಾಲಿನ್ಯ, ಜಲಮಾಲಿನ್ಯ, ಮಣ್ಣಿನ ಮಾಲಿನ್ಯ, ಶಬ್ದಮಾಲಿನ್ಯ ಎಂದು ಪಠ್ಯಪುಸ್ತಕ ಬೇರೆಬೇರೆ ಅಧ್ಯಾಯ ಮಾಡುತ್ತದೆ. ಪರೀಕ್ಷೆಗೆ ಅದು ಅನುಕೂಲ. ಹೊಲದಲ್ಲಿ ಮಾತ್ರ ಒಂದೇ ವಸ್ತು ಮೊದಲ ಮೂರೂ ಅಧ್ಯಾಯಗಳಲ್ಲಿ ಓಡಾಡುತ್ತದೆ. ಟೊಮೆಟೊ ತೋಟದ ಮಲ್ಚಿಂಗ್ ಶೀಟನ್ನೇ ಹಿಂಬಾಲಿಸಿ ನೋಡೋಣ.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆ ಎಲ್ಲಿ ಹೋದರೂ ಸಾಲುಸಾಲಾಗಿ ಬೆಳ್ಳಿ ಬಣ್ಣದ ಹಾಳೆ ಹೊದ್ದ ಪಟಗಳು ಕಾಣುತ್ತವೆ. ನೀರು ಆವಿಯಾಗುವುದನ್ನು ತಡೆಯುತ್ತದೆ, ಕಳೆ ಏಳಲು ಬಿಡುವುದಿಲ್ಲ, ಹನಿ ನೀರಾವರಿಯ ಜೊತೆ ಸೇರಿದರೆ ಅರ್ಧ ನೀರಿನಲ್ಲಿ ಬೆಳೆ ಬರುತ್ತದೆ. ನೀರಿಲ್ಲದ ಸೀಮೆಯ ರೈತನಿಗೆ ಇದು ಬದುಕು ಕೊಟ್ಟ ವಸ್ತು, ಅದನ್ನು ಬಿಡಿ ಎಂದು ಹೇಳುವ ಹಕ್ಕು ನನಗಿಲ್ಲ. ಕಷ್ಟ ಶುರುವಾಗುವುದು ಬೆಳೆ ಮುಗಿದ ಮೇಲೆ. ಹಾಳೆಯ ದಪ್ಪ ಸಾಮಾನ್ಯವಾಗಿ 25 ಅಥವಾ 30 ಮೈಕ್ರಾನ್. ಒಂದೆರಡು ಬೆಳೆಯ ಬಿಸಿಲಿಗೆ ಪುಡಿಯಾಗುವ ಹಂತಕ್ಕೆ ಬಂದಿರುತ್ತದೆ, ಎಳೆದರೆ ಚಿಂದಿಯಾಗುತ್ತದೆ. ಗುಜರಿಯವರು ಕೊಳ್ಳುವುದಿಲ್ಲ, ಏಕೆಂದರೆ ತೂಕದಲ್ಲಿ ಪ್ಲಾಸ್ಟಿಕ್ಕಿಗಿಂತ ಮಣ್ಣೇ ಹೆಚ್ಚು. ಮುಂದಿನ ನಾಟಿಗೆ ಹೊಲ ತೆರವಾಗಬೇಕು. ಉಳಿಯುವುದು ಎರಡು ದಾರಿ: ಬದುವಿನಲ್ಲಿ ರಾಶಿ ಹಾಕಿ ಬೆಂಕಿ ಕೊಡುವುದು, ಇಲ್ಲವೇ ರೋಟವೇಟರ್ ಹೊಡೆದು ಮಣ್ಣಿಗೇ ಸೇರಿಸುವುದು.

ಬೆಂಕಿ ಕೊಟ್ಟಾಗ ಆಗುವುದೇನು? ಹಾಳೆ ಪಾಲಿಥಿನ್. ಬಯಲಿನ ಬೆಂಕಿಯಲ್ಲಿ ಅದು ಪೂರ್ತಿ ಉರಿಯದೆ ಕಪ್ಪು ಮಸಿಯನ್ನೂ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳನ್ನೂ ಬಿಡುತ್ತದೆ. ಅದೇ ರಾಶಿಗೆ ಹಳೆಯ ಪಿವಿಸಿ ಪೈಪಿನ ತುಂಡು ಸೇರಿದರೆ ಅಪಾಯ ಬೇರೆಯೇ ಮಟ್ಟಕ್ಕೆ ಹೋಗುತ್ತದೆ. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಅರೆಬರೆ ಉರಿಯಲ್ಲಿ ಅದರಿಂದ ಡಯಾಕ್ಸಿನ್ ಹುಟ್ಟುತ್ತದೆ. ಆಸ್ಪತ್ರೆ ತ್ಯಾಜ್ಯ ಸುಡುವ ಕುಲುಮೆಯಲ್ಲಿ ಎರಡನೇ ಕೋಣೆಯ ಶಾಖ 1,050 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಹೊಗೆ ಅಲ್ಲಿ ಕನಿಷ್ಠ ಎರಡು ಸೆಕೆಂಡ್ ನಿಲ್ಲಬೇಕು ಎಂದು ನಿಯಮ ಇರುವುದು ಇಂಥ ವಿಷಗಳು ಒಡೆಯಲಿ ಎಂದೇ. ಬದುವಿನ ಬೆಂಕಿ ಆ ಶಾಖದ ಹತ್ತಿರಕ್ಕೂ ಹೋಗುವುದಿಲ್ಲ. ಹುಟ್ಟಿದ ಡಯಾಕ್ಸಿನ್ ಬೂದಿಯೊಂದಿಗೆ ಹುಲ್ಲಿನ ಮೇಲೆ ಕೂರುತ್ತದೆ, ಹುಲ್ಲನ್ನು ಹಸು ತಿನ್ನುತ್ತದೆ, ಕೊಬ್ಬಿನಲ್ಲಿ ಕರಗುವ ಈ ವಸ್ತು ಹಾಲಿಗೆ ಬರುತ್ತದೆ. ನಮ್ಮದು ಡೇರಿಯ ಹಾಲಿನ ಹಣದಲ್ಲಿ ಸಂಸಾರ ನಡೆಸುವ ಜಿಲ್ಲೆ ಎಂಬುದನ್ನು ಇಲ್ಲಿ ನೆನೆಯಬೇಕು.

ಮಣ್ಣಿಗೆ ಸೇರಿಸಿದರೆ ಕಣ್ಣಿಗೆ ಕಾಣುವ ಹೊಗೆ ಇಲ್ಲ, ಅಷ್ಟೇ. ಚಿಂದಿ ಮತ್ತಷ್ಟು ಚಿಂದಿಯಾಗಿ ಮಳೆಗೆ ತೇಲಿ ರಾಜಕಾಲುವೆ ಸೇರುತ್ತದೆ, ಕೆರೆಯ ತೂಬಿಗೆ ಅಡ್ಡ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಯುತ್ತೇವಲ್ಲ, ಆ ಗೋಡಿನೊಂದಿಗೆ ಅದೇ ಚಿಂದಿ ಮತ್ತೆ ಹೊಲಕ್ಕೆ ಬರುತ್ತದೆ.

ಔಷಧಿ ಡಬ್ಬಿಗಳದು ಇನ್ನೊಂದು ಕಥೆ. ನಮ್ಮ ಕಡೆ ಕೀಟನಾಶಕವನ್ನು ಯಾರೂ ವಿಷ ಎನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಆ ಹೆಸರೇ ಕೈಯ ಎಚ್ಚರಿಕೆಯನ್ನು ಕಡಿಮೆ ಮಾಡಿದೆ ಎಂದು ನನಗೆ ಅನೇಕ ಸಲ ಅನಿಸಿದೆ. ಖಾಲಿ ಡಬ್ಬಿ ಬಾವಿಯ ಕಟ್ಟೆಯ ಮೇಲೆ, ಕಾಲುವೆಯ ಪಕ್ಕ, ಪಂಪ್‌ಮನೆಯ ಮೂಲೆಯಲ್ಲಿ ಬಿದ್ದಿರುತ್ತದೆ. ಕೆಲವು ಮನೆಗಳಲ್ಲಿ ಸೀಮೆಎಣ್ಣೆ ತುಂಬಿಡಲೂ ಬಳಕೆಯಾಗುತ್ತದೆ. ಖಾಲಿ ಪೊಟ್ಟಣಗಳನ್ನು ಮತ್ತೆ ಬಳಸಲು ಸಾಧ್ಯವಾಗುವಂತೆ ಹೊರಗೆ ಬಿಡಬಾರದು, ಒಡೆದು ಜನವಸತಿಯಿಂದ ದೂರ ಹೂಳಬೇಕು ಎಂದು 1971ರ ಕೀಟನಾಶಕ ನಿಯಮಗಳೇ ಹೇಳಿವೆ. ಅದಕ್ಕಿಂತ ಮೊದಲು ಮಾಡಬೇಕಾದ ಸುಲಭದ ಕೆಲಸವೊಂದಿದೆ: ಡಬ್ಬಿ ಖಾಲಿಯಾದ ತಕ್ಷಣ ಮೂರು ಬಾರಿ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪಡಣೆ ಟ್ಯಾಂಕಿಗೇ ಸುರಿಯುವುದು. ತಳದಲ್ಲಿ ಅಂಟಿ ಉಳಿದ ಔಷಧಿಯೂ ಬೆಳೆಗೇ ಹೋಗುತ್ತದೆ, ದುಡ್ಡೂ ಉಳಿಯುತ್ತದೆ, ಡಬ್ಬಿಯ ವಿಷವೂ ಬಹುಪಾಲು ಇಳಿಯುತ್ತದೆ. ಕೊನೆಗೆ ತಳಕ್ಕೆ ತೂತು ಹೊಡೆದರೆ ಯಾರೂ ಅದರಲ್ಲಿ ಏನನ್ನೂ ತುಂಬಲಾರರು.

ಗಾಳಿ ಎಷ್ಟು ಕೆಟ್ಟಿದೆ ಎಂದು ತಿಳಿಯಲು ಶಿಡ್ಲಘಟ್ಟದ ರೈತನಿಗೆ ಯಂತ್ರ ಬೇಡ. ಪಕ್ಕದ ತೋಟದಲ್ಲಿ ಔಷಧಿ ಹೊಡೆದ ದಿನ ಗಾಳಿ ಈ ಕಡೆ ಬೀಸಿದ್ದರೆ, ಆ ಹಿಪ್ಪುನೇರಳೆ ಸೊಪ್ಪು ತಿಂದ ಹುಳು ತಲೆ ಎತ್ತಿ ಒದ್ದಾಡಿ ಸಾಯುತ್ತದೆ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು, ಇನ್ನು ಐದಾರು ದಿನಕ್ಕೆ ಗೂಡು ಕಟ್ಟಬೇಕಾದದ್ದು, ತಟ್ಟೆಯ ಮೇಲೆ ಕಪ್ಪಾಗಿ ಮಲಗಿರುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ರೇಷ್ಮೆಯನ್ನೂ ಟೊಮೆಟೊವನ್ನೂ ಅಕ್ಕಪಕ್ಕದಲ್ಲೇ ಬೆಳೆಯುವ ನಮ್ಮ ಹಳ್ಳಿಗಳಲ್ಲಿ ಇಬ್ಬರು ನೆರೆಹೊರೆಯವರು ಮಾತು ಬಿಟ್ಟಿರುವುದಕ್ಕೆ ಬಹಳ ಸಲ ಇದೇ ಕಾರಣವಾಗಿರುತ್ತದೆ. ಹುಳುವಿನಷ್ಟು ಬೇಗ ಮನುಷ್ಯ ಸಾಯುವುದಿಲ್ಲ, ಹಾಗಾಗಿ ಅದೇ ಗಾಳಿ ನಮಗೆ ಏನು ಮಾಡುತ್ತಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ.

ಈಗ ನೀರಿಗೆ ಬರುತ್ತೇನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆ ನೀರು ಮೊದಲು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದದ್ದು 2018ರ ಜೂನ್‌ನಲ್ಲಿ. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗಳಿಗೆ ಎಂಬುದು ಕೆ.ಸಿ. ವ್ಯಾಲಿ ಯೋಜನೆಯ ಗುರಿ. ಚಿಕ್ಕಬಳ್ಳಾಪುರದ ಕಡೆಗೆ ಹೆಬ್ಬಾಳ–ನಾಗವಾರ ಕಣಿವೆಯ ನೀರು, ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆಗಳಿಗೆ. ನೀರು ಬಂದ ಮರುತಿಂಗಳೇ ಲಕ್ಷ್ಮೀಸಾಗರದಲ್ಲಿ ಬಿಳಿ ನೊರೆ ಎದ್ದಿತು. ಹೈಕೋರ್ಟ್ ತಡೆ ನೀಡಿತು, ಬಳಿಕ ತೆರವುಗೊಳಿಸಿತು. 2019ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿಯೂ ತಡೆ ಬಂದು ತೆರವಾಯಿತು. ಶಾಶ್ವತ ನೀರಾವರಿ ಹೋರಾಟಗಾರರ ಬೇಡಿಕೆ ಒಂದೇ ಆಗಿತ್ತು, ಇಂದಿಗೂ ಅದೇ ಆಗಿದೆ: ಮೂರನೇ ಹಂತದ ಸಂಸ್ಕರಣೆ ಮಾಡಿ ನೀರು ಕೊಡಿ.

ಈ 'ಹಂತ' ಎಂದರೇನು ಎಂದು ತಿಳಿಯದೆ ಹೋದರೆ ವಿವಾದ ಅರ್ಥವಾಗುವುದಿಲ್ಲ. ಮೊದಲ ಹಂತದಲ್ಲಿ ಕಸಕಡ್ಡಿ, ಮರಳು, ತಳಕ್ಕೆ ಕೂರುವ ಕೆಸರನ್ನು ತೆಗೆಯುತ್ತಾರೆ. ಎರಡನೇ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾಗಳನ್ನು ಬೆಳೆಸಿ ಕೊಳೆಯುವ ಅಂಶವನ್ನು ಅವುಗಳಿಂದ ತಿನ್ನಿಸುತ್ತಾರೆ. ಇಲ್ಲಿಗೆ ವಾಸನೆ ಹೋಗುತ್ತದೆ, ನೀರು ಬಹುಮಟ್ಟಿಗೆ ತಿಳಿಯಾಗುತ್ತದೆ. ನೀರಿನಲ್ಲಿ ಕರಗಿರುವ ನೈಟ್ರೇಟ್, ಸೋಪಿನ ಪುಡಿಯ ರಂಜಕ, ಲವಣಗಳು, ಮೂತ್ರದೊಂದಿಗೆ ಬಂದ ಔಷಧಗಳ ಶೇಷ ಇವೆಲ್ಲ ಬಹುಪಾಲು ಹಾಗೇ ಉಳಿಯುತ್ತವೆ. ಅವನ್ನು ತೆಗೆಯುವುದೇ ಮೂರನೇ ಹಂತ, ಅದಕ್ಕೆ ಹಣ ಹೆಚ್ಚು ಬೇಕು. ರಂಜಕ ಮತ್ತು ಸಾರಜನಕ ಕೆರೆಗೆ ಗೊಬ್ಬರ ಹಾಕಿದ ಹಾಗೆ. ಅಂತರಗಂಗೆ ಗಿಡ ಏರಿಯಿಂದ ಏರಿಗೆ ಹಬ್ಬುತ್ತದೆ, ಅಡಿಯ ನೀರಿಗೆ ಬೆಳಕೂ ಇಲ್ಲ, ಆಮ್ಲಜನಕವೂ ಇಲ್ಲ.

ಹಾಗೆಂದು ಈ ಯೋಜನೆಯನ್ನು ಪೂರ್ತಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಹತ್ತು ಹದಿನೈದು ವರ್ಷ ಬಿರುಕು ಬಿಟ್ಟಿದ್ದ ಕೆರೆಯಲ್ಲಿ ನೀರು ನಿಂತಿತು, ಸತ್ತಿದ್ದ ಕೊಳವೆಬಾವಿಗಳು ಉಸಿರಾಡಿದವು, ಊರು ಬಿಟ್ಟಿದ್ದ ಕೆಲವರು ಮರಳಿದರು. ಅಂಥ ರೈತನ ಮುಂದೆ ನಿಂತು ನಿನ್ನ ನೀರು ಕೊಳಕು ಎಂದು ಹೇಳುವುದು ಸುಲಭವಲ್ಲ. ಸರ್ಕಾರದ ವಾದವೂ ಒಂದಿದೆ: ಇದು ಕುಡಿಯಲು ಕೊಟ್ಟ ನೀರಲ್ಲ, ನೇರವಾಗಿ ಪಂಪ್ ಮಾಡುವುದು ನಿಷಿದ್ಧ, ನೆಲದೊಳಗೆ ಇಂಗುವಾಗ ಮಣ್ಣೇ ಅದನ್ನು ಸೋಸುತ್ತದೆ. ಮಣ್ಣು ಸೋಸುತ್ತದೆ ಎಂಬುದು ನಿಜ, ಅದಕ್ಕೆ ಸಮಯವೂ ದಪ್ಪನೆಯ ಮಣ್ಣಿನ ಪದರವೂ ಬೇಕು. ನಮ್ಮದು ಗಟ್ಟಿ ಕಲ್ಲಿನ ನೆಲ. ಕೆಲವೆಡೆ ಮಣ್ಣಿನ ಪದರ ತೀರಾ ತೆಳು, ಅದರ ಕೆಳಗೆ ಬಿರುಕು ಬಿಟ್ಟ ಬಂಡೆ. ಬಿರುಕಿನಲ್ಲಿ ಇಳಿಯುವ ನೀರು ಸೋಸುವುದಿಲ್ಲ, ಓಡುತ್ತದೆ. ಆದ್ದರಿಂದ ಮೂರನೇ ಹಂತದ ಬೇಡಿಕೆ ನ್ಯಾಯವಾದದ್ದು. ಅದು ಆಗುವ ತನಕ ಈ ಕೆರೆಗಳ ಸುತ್ತಲಿನ ಕೊಳವೆಬಾವಿಗಳ ನೀರಿನ ಪರೀಕ್ಷಾ ವರದಿಯನ್ನು ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿಸಬೇಕು. ದುಬಾರಿಯಾದದ್ದು ಸಂಸ್ಕರಣೆ, ವರದಿಯ ಹಾಳೆ ಅಂಟಿಸಲು ಎಷ್ಟು ಖರ್ಚಾದೀತು?

ಬೆಂಗಳೂರಿನ ಕೊಳಚೆಯ ಬಗ್ಗೆ ಇಷ್ಟು ಮಾತನಾಡುವ ನಾವು ನಮ್ಮದೇ ಕೊಳಚೆಯ ಬಗ್ಗೆ ಮೌನ. ಹಳ್ಳಿಗಳಲ್ಲಿ ಶೌಚಾಲಯ ಬಂದಿತು, ಬರಲೇಬೇಕಿತ್ತು. ಗುಂಡಿ ತುಂಬಿದಾಗ ಸಕ್ಕಿಂಗ್ ಯಂತ್ರದ ಟ್ಯಾಂಕರ್ ಕರೆಸುತ್ತೇವೆ. ಆ ಟ್ಯಾಂಕರ್ ಎಲ್ಲಿ ಖಾಲಿಯಾಗುತ್ತದೆ ಎಂದು ಕೇಳಿದವರೆಷ್ಟು ಮಂದಿ? ಪಕ್ಕದ ದೇವನಹಳ್ಳಿಯಲ್ಲಿ 2015ರಲ್ಲೇ ಇಂಥ ಮಲದ ಕೆಸರನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಸಣ್ಣ ಘಟಕ ಶುರುವಾಯಿತು, ದೇಶದಲ್ಲೇ ಮೊದಲನೆಯ ಸಾಲಿನದು. ಪ್ರತಿ ತಾಲ್ಲೂಕಿಗೆ ಅಂಥದ್ದೊಂದು ಇಲ್ಲದೆ ಹೋದರೆ ಟ್ಯಾಂಕರ್ ಕತ್ತಲಲ್ಲಿ ರಾಜಕಾಲುವೆಯನ್ನೇ ಹುಡುಕುತ್ತದೆ. ಹೊಸದಾಗಿ ಶೌಚಾಲಯ ಕಟ್ಟುವವರು ಜೋಡಿ ಗುಂಡಿ ತೋಡಿಸಿದರೆ, ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿ, ತುಂಬಿದ್ದನ್ನು ಎರಡು ವರ್ಷ ಮುಚ್ಚಿಟ್ಟರೆ ಒಳಗಿರುವುದು ಒಣಗಿ ಮಣ್ಣಾಗುತ್ತದೆ; ಟ್ಯಾಂಕರೇ ಬೇಡ. ಗುಂಡಿ ಕುಡಿಯುವ ನೀರಿನ ಬಾವಿಯಿಂದ ದೂರವಿರಬೇಕು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಎಳೆಗೂಸುಗಳ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನು ಕಳೆದುಕೊಳ್ಳಬಹುದು.

ಊರೂರಿಗೆ ಬಂದಿರುವ ಶುದ್ಧ ಕುಡಿಯುವ ನೀರಿನ ಘಟಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಇದನ್ನು ಯಾರೂ ತ್ಯಾಜ್ಯದ ಪಟ್ಟಿಯಲ್ಲಿ ಸೇರಿಸುವುದಿಲ್ಲ. ನಮ್ಮ ಆಳದ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಹಲ್ಲು ಕಂದುತ್ತದೆ, ವರ್ಷಗಟ್ಟಲೆ ಕುಡಿದರೆ ಮೂಳೆ ಬಿಗಿಯುತ್ತದೆ. ಕೆಲವು ಕೊಳವೆಬಾವಿಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ 30 ಮೈಕ್ರೋಗ್ರಾಂ ಮೀರಿದ ಯುರೇನಿಯಂ ಕೂಡ ಕಂಡುಬಂದಿದೆ. ಇವು ಯಾವ ಕಾರ್ಖಾನೆಯಿಂದಲೂ ಬಂದವಲ್ಲ. ಬಂಡೆಯೊಳಗೇ ಇರುವ ಖನಿಜಗಳು, ನಾವು ಆಳ ಆಳಕ್ಕೆ ಕೊರೆದಷ್ಟೂ ನೀರಿಗೆ ಬೆರೆಯುತ್ತವೆ. ಘಟಕದ ಪೊರೆ ಇವನ್ನು ತಡೆಯುತ್ತದೆ, ನಾಶ ಮಾಡುವುದಿಲ್ಲ. ಒಳಗೆ ಹೋದ ನೀರಿನ ಅರ್ಧ ಭಾಗ ಶುದ್ಧವಾಗಿ ಕ್ಯಾನಿಗೆ ಬಂದರೆ ಉಳಿದ ಅರ್ಧದಲ್ಲಿ ಫ್ಲೋರೈಡ್ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಆ ಅರ್ಧ ಘಟಕದ ಹಿಂದಿನ ಪೈಪಿನಿಂದ ಚರಂಡಿಗೆ ಬೀಳುತ್ತದೆ, ದನಗಳು ಅಲ್ಲೇ ಬಾಯಿ ಹಾಕುತ್ತವೆ, ಉಳಿದದ್ದು ಕುಂಟೆಗೆ ಹೋಗಿ ಇಂಗಿ ಮತ್ತೆ ಅದೇ ಕೊಳವೆಬಾವಿಗೆ ಬರುತ್ತದೆ. ಘಟಕ ಕಟ್ಟಿದವರು ಆ ಹಿಂದಿನ ಪೈಪಿಗೆ ಒಂದು ಮುಚ್ಚಿದ ತೊಟ್ಟಿ ಕಟ್ಟಿ, ಆ ನೀರನ್ನು ಶೌಚಾಲಯ ತೊಳೆಯಲೋ ಕಟ್ಟಡದ ಕೆಲಸಕ್ಕೋ ಕೊಡಬಹುದಿತ್ತು. ದೀರ್ಘಕಾಲದ ಮದ್ದು ಮಳೆನೀರು: ಚಾವಣಿಯ ಮೇಲೆ ಬಿದ್ದ ನೀರಿಗೆ ಬಂಡೆಯ ಪರಿಚಯವೇ ಇರುವುದಿಲ್ಲ.

ಬಿಸಾಡಿದ್ದು ಎಷ್ಟು ಕಾಲ ಕಾಡಬಲ್ಲದು ಎಂದು ನೋಡಬೇಕಾದವರು ಆಷಾಢದಲ್ಲಿ ಕೆಜಿಎಫ್‌ಗೆ ಹೋಗಬೇಕು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚುವವರೆಗೆ ಆ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಚಿನ್ನ ಹೊರಗೆ ಹೋಯಿತು, ಉಳಿದದ್ದು ಅಲ್ಲೇ ಉಳಿಯಿತು. ಅದಿರನ್ನು ಹಿಟ್ಟಿನಂತೆ ಅರೆದು, ಸೋಡಿಯಂ ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡು, ಮಿಕ್ಕ ಕೆಸರನ್ನು ಹೊರಗೆ ಪಂಪ್ ಮಾಡುತ್ತಿದ್ದರು. ಅದೇ ಒಣಗಿ ಇಂದಿನ ಸೈನೈಡ್ ದಿಬ್ಬಗಳಾಗಿವೆ. 13 ದಿಬ್ಬ, ಸುಮಾರು 1,003 ಎಕರೆ, ಮೂರು ಕೋಟಿ ಮೂವತ್ತು ಲಕ್ಷ ಟನ್‌ನಷ್ಟು ಪುಡಿ.

ಹೆಸರಿನಲ್ಲಿ ಸೈನೈಡ್ ಇದ್ದರೂ ಇಂದು ಹೆಚ್ಚು ಹೆದರಬೇಕಾದದ್ದು ಅದಕ್ಕಲ್ಲ. ಸೈನೈಡ್ ಬಿಸಿಲಿಗೂ ಗಾಳಿಗೂ ಒಡೆಯುತ್ತದೆ. ಒಡೆಯದೆ ಉಳಿಯುವುದು ಕಲ್ಲುಪುಡಿಯಲ್ಲಿರುವ ಸಿಲಿಕಾ. ಆಷಾಢದ ಗಾಳಿ ಎದ್ದಾಗ ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಚಾಂಪಿಯನ್ ರೀಫ್ ಕಡೆಯ ಮನೆಗಳ ಅಟ್ಟದಿಂದ ಅನ್ನದ ತಟ್ಟೆಯವರೆಗೆ ಬಿಳಿ ಪುಡಿ ಕೂರುತ್ತದೆ. ಕಣ್ಣಿಗೆ ಕಾಣುವ ಪುಡಿಗಿಂತ ಕಾಣದಷ್ಟು ನುಣುಪಾದದ್ದು ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ, ಸುತ್ತಲ ಅಂಗಾಂಶ ಗಾಯವಾಗಿ ಗಡುಸಾಗುತ್ತದೆ. ಗಣಿಯೊಳಗೆ ದುಡಿದವರಿಗೆ ಬಂದ ಸಿಲಿಕೋಸಿಸ್‌ಗೆ ಇಂದಿಗೂ ವಾಸಿಮಾಡುವ ಔಷಧವಿಲ್ಲ. ಮಳೆ ಬಂದಾಗ ದಿಬ್ಬದ ಮೈ ಕೊರೆದು ಬೂದು ಬಣ್ಣದ ಕೆಸರು ತಗ್ಗಿನ ಹೊಲಗಳಿಗೆ ಇಳಿಯುತ್ತದೆ. ಬೇತಮಂಗಲದ ಪಾಲಾರ್ ಹೆಚ್ಚು ದೂರವೇನೂ ಇಲ್ಲ.

ಈ ದಿಬ್ಬಗಳಲ್ಲಿ ಇನ್ನೂ ಚಿನ್ನದ ಅಂಶವಿದೆ ಎಂದು ಅವನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಚಿನ್ನ ಸಿಗಲಿ, ಕೆಲಸ ಸಿಗಲಿ; ಕೆಲಸ ಕಳೆದುಕೊಂಡ ಆ ಊರಿಗೆ ಎರಡೂ ಬೇಕು. ನನ್ನ ಆತಂಕ ಬೇರೆ. ಒಂದು ಟನ್ ಪುಡಿಯಿಂದ ಗ್ರಾಂ ಲೆಕ್ಕದ ಚಿನ್ನ ತೆಗೆದ ಮೇಲೆ ಒಂದು ಟನ್ ಪುಡಿ ಹಾಗೇ ಇರುತ್ತದೆ. ಅದನ್ನು ಎಲ್ಲಿ, ಯಾವ ಹಾಸಿನ ಮೇಲೆ, ಯಾವ ಹೊದಿಕೆಯ ಅಡಿ ಇಡುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಮೊದಲು ಬರಬೇಕು, ಯಂತ್ರ ಆಮೇಲೆ ಬರಬೇಕು. ತಳಕ್ಕೆ ನೀರು ಇಳಿಯದ ಪದರ, ಇಳಿಜಾರು ಕಡಿಮೆ ಮಾಡಿದ ದಿಬ್ಬ, ಮೇಲೆ ಮಣ್ಣು ಹೊದಿಸಿ ಬೇರುಬಿಡುವ ಹುಲ್ಲು, ಸುತ್ತ ಕೆಸರು ತಡೆಯುವ ಕಟ್ಟೆ ಇವೆಲ್ಲ ಹೊಸ ವಿದ್ಯೆಯೇನಲ್ಲ.

ಖಾಲಿ ಗಣಿಯನ್ನು ಕಂಡರೆ ಏನನ್ನಾದರೂ ತುಂಬಬೇಕು ಎನಿಸುವುದು ಅಧಿಕಾರದಲ್ಲಿರುವವರ ಹಳೆಯ ಚಾಳಿ. 2012ರಲ್ಲಿ ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯವನ್ನು ಕೋಲಾರದ ಗಣಿಗಳಲ್ಲಿ ಇಡುವ ಮಾತು ಸುಪ್ರೀಂ ಕೋರ್ಟ್‌ನಲ್ಲಿ ಬಂದಾಗ ಕೆಜಿಎಫ್ ಬೀದಿಗಿಳಿಯಿತು, ಅಂಥ ಉದ್ದೇಶವಿಲ್ಲ ಎಂದು ಆಮೇಲೆ ಸ್ಪಷ್ಟನೆ ಬಂತು. ಅದೇ ಚಾಳಿಯ ಚಿಕ್ಕ ರೂಪ ನಮ್ಮ ಊರೂರಲ್ಲೂ ಇದೆ: ಕೈಬಿಟ್ಟ ಕಲ್ಲು ಕ್ವಾರಿ. ಪಟ್ಟಣದ ಕಸವನ್ನು ಕ್ವಾರಿಗೆ ಸುರಿದರೆ ಕಣ್ಣಿಗೆ ಮರೆಯಾಗುತ್ತದೆ. ಸಿಡಿಮದ್ದು ಸಿಡಿಸಿ ಸಿಡಿಸಿ ಕ್ವಾರಿಯ ಬಂಡೆ ಆಳದವರೆಗೂ ಬಿರುಕು ಬಿಟ್ಟಿರುತ್ತದೆ, ಕೊಳೆತ ಕಸದಿಂದ ಇಳಿಯುವ ಕಪ್ಪು ರಸಕ್ಕೆ ಅಂತರ್ಜಲಕ್ಕೆ ಹೋಗಲು ಅದಕ್ಕಿಂತ ನೇರ ದಾರಿ ಇನ್ನೊಂದಿಲ್ಲ. ಕಸ ಹೂಳುವ ಜಾಗ ಕೆರೆಯಿಂದ, ಮನೆಗಳಿಂದ, ನೀರಿನ ಬಾವಿಯಿಂದ ಕನಿಷ್ಠ 200 ಮೀಟರ್ ದೂರವಿರಬೇಕು, ತಳಕ್ಕೆ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಸು ಇರಬೇಕು, ರಸವನ್ನು ಹಿಡಿದು ಸಂಸ್ಕರಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದು ಸುಮ್ಮನೆ ಅಲ್ಲ. ಕಲ್ಲಿನ ಉದ್ಯಮ ಬಿಟ್ಟುಹೋಗುವ ಅಪಾಯ ಇನ್ನೂ ಒಂದಿದೆ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ ಆರು ಮಂದಿ ಸತ್ತರು. ಅಕ್ರಮವಾಗಿ ಇಟ್ಟಿದ್ದ ಕಡ್ಡಿಗಳನ್ನು ಸಾಗಿಸಿ ವಿಲೇವಾರಿ ಮಾಡಲು ಹೋದಾಗ ಹೀಗಾಯಿತು ಎಂದು ಅಂದು ವರದಿಯಾಗಿತ್ತು. ವಿಲೇವಾರಿ ಎಂಬ ಪದವನ್ನು ಕಚೇರಿಯ ಕಡತಗಳಲ್ಲಿ ಓದಿ ಓದಿ ಅದರೊಳಗೆ ಪ್ರಾಣಾಪಾಯವಿದೆ ಎಂಬುದನ್ನು ಮರೆತಿದ್ದೇವೆ.

ಆ ಅಪಾಯ ಯಾರ ಮೈಮೇಲೆ ಬೀಳುತ್ತದೆ ಎಂಬುದಕ್ಕೂ ಕೆಜಿಎಫ್ ಸಾಕ್ಷಿ. ಮಲ ಹೊರುವ ಪದ್ಧತಿಯ ವಿರುದ್ಧ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲಿ, ಒಣ ಶೌಚಾಲಯಗಳನ್ನು ಶುಚಿಮಾಡುತ್ತಿದ್ದ ಕುಟುಂಬದಲ್ಲಿ. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ತರಿಸಿಕೊಂಡ ಊರು, ಮನುಷ್ಯರ ಮಲವನ್ನು ಮನುಷ್ಯರ ತಲೆಯ ಮೇಲೆ ಹೊರಿಸುವುದನ್ನು ದಶಕಗಳ ಕಾಲ ನಿಲ್ಲಿಸಲಿಲ್ಲ. ಇಂದು ನಾವು ಬೇರ್ಪಡಿಸದೆ ಕೊಟ್ಟ ಕಸವನ್ನು ಬರಿಗೈಯಲ್ಲಿ ಕೆದಕುವ ಪೌರಕಾರ್ಮಿಕರೂ ಬಹುಪಾಲು ಅದೇ ಸಮುದಾಯಗಳಿಂದ ಬಂದವರು. ಹಸಿ ಕಸ, ಒಣ ಕಸ ಬೇರೆ ಮಾಡಿ ಎಂಬ ಮಾತು ನಮಗೆ ಕಿರಿಕಿರಿ ಎನಿಸಿದಾಗ, ನಾವು ಬೇರೆ ಮಾಡದೆ ಇದ್ದುದನ್ನು ಮಾಡುವ ಆ ಕೈಗಳನ್ನು ನೋಡಬೇಕು.

ಬೇರ್ಪಡಿಸುವುದರಲ್ಲಿ ಕಷ್ಟದ ಶಾಸ್ತ್ರವೇನೂ ಇಲ್ಲ. ಕೊಳೆಯುವುದೆಲ್ಲ ತಿಪ್ಪೆಗೆ. ಪೇಟೆಯಲ್ಲಿ ತಿಪ್ಪೆ ಇಲ್ಲದವರಿಗೆ ಮುಚ್ಚಳವಿರುವ, ತೂತು ಹೊಡೆದ ಡ್ರಮ್ಮಿನಲ್ಲಿ ಒಣ ಎಲೆ ಬೆರೆಸುತ್ತಾ ಹೋದರೆ ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧ. ತೊಳೆದು ಒಣಗಿಸಿದ ಪ್ಲಾಸ್ಟಿಕ್, ರಟ್ಟು, ತಗಡು ಒಂದು ಚೀಲಕ್ಕೆ. ಗ್ರಾಮ ಪಂಚಾಯಿತಿಗಳ ಸ್ವಚ್ಛ ವಾಹಿನಿ ಗಾಡಿಗಳನ್ನು ಹಲವೆಡೆ ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಗಾಡಿಯ ಹಾಡು ಕೇಳಿದಾಗ ಬಾಗಿಲಿಗೆ ಬಂದು ಬೇರೆಬೇರೆಯಾಗಿ ಕೊಟ್ಟರೆ ಅವರ ಅರ್ಧ ದಿನದ ದುಡಿಮೆ ಉಳಿಯುತ್ತದೆ. ಪ್ಯಾಡ್, ಡೈಪರ್ ಕಾಗದದಲ್ಲಿ ಸುತ್ತಿ ಗುರುತು ಮಾಡಿ ಪ್ರತ್ಯೇಕ ಕೊಡಬೇಕು. ಸುತ್ತಲು ಚೀಲವನ್ನು ತಯಾರಕರೇ ಕೊಡಬೇಕೆಂದು 2016ರ ನಿಯಮದಲ್ಲಿತ್ತು, ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವವರು ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿಡಬೇಕು, ತುಂಬಿದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಿ ಅಲ್ಲಿನ ತ್ಯಾಜ್ಯದೊಂದಿಗೆ ಕಳುಹಿಸುವಂತೆ ಕೇಳಬೇಕು. ಆಸ್ಪತ್ರೆಯ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದೆಂಬ ನಿಯಮವಿದೆ, ಹಾಗಾಗಿ ಅದನ್ನು ಒಯ್ಯುವ ಗಾಡಿ ಹೇಗೂ ಬರುತ್ತದೆ. ಹಳೆಯ ಬ್ಯಾಟರಿ, ಟ್ಯೂಬ್‌ಲೈಟ್, ಕೆಟ್ಟ ಮೊಬೈಲ್ ಇವು ತಿಪ್ಪೆಗೂ ಬೇಡ, ಬೆಂಕಿಗೂ ಬೇಡ.

ಮಲ್ಚಿಂಗ್ ಶೀಟ್ ಮತ್ತು ಔಷಧಿ ಡಬ್ಬಿಗಳಿಗೆ ಮಾತ್ರ ಪಂಚಾಯಿತಿ ಗಾಡಿ ಸಾಲದು. ಇದಕ್ಕೆ ನನ್ನ ಬಳಿ ಒಂದು ಸಲಹೆ ಇದೆ, ಕೋಲಾರದ ಎಪಿಎಂಸಿಯಲ್ಲಿ ನಿಂತು ನೋಡಿ ಹುಟ್ಟಿದ್ದು. ಟೊಮೆಟೊ ತುಂಬುವ 15 ಕೆ.ಜಿ.ಯ ಬಾಕ್ಸ್ ಕೂಡ ಪ್ಲಾಸ್ಟಿಕ್ಕೇ. ಅದು ಯಾವ ಕೆರೆಯಲ್ಲೂ ತೇಲುವುದಿಲ್ಲ, ಯಾವ ಬದುವಿನಲ್ಲೂ ಉರಿಯುವುದಿಲ್ಲ. 2023ರ ಜುಲೈನಲ್ಲಿ ಒಂದು ಬಾಕ್ಸ್ ಹಣ್ಣು ಎರಡು ಸಾವಿರ ರೂಪಾಯಿ ದಾಟಿದಾಗಲೂ, ಕೇಳುವವರಿಲ್ಲದೆ ಹಣ್ಣನ್ನು ರಸ್ತೆಬದಿಗೆ ಸುರಿದಾಗಲೂ ಖಾಲಿ ಬಾಕ್ಸ್ ವಾಪಸ್ಸು ಬಂದಿದೆ, ಏಕೆಂದರೆ ಅದಕ್ಕೊಬ್ಬ ಮಾಲೀಕನಿದ್ದಾನೆ, ಒಂದು ಬೆಲೆ ಇದೆ. ಔಷಧಿ ಡಬ್ಬಿ ಕೊಳ್ಳುವಾಗ ಹತ್ತು ರೂಪಾಯಿ ಠೇವಣಿ ಹಿಡಿದು, ಮೂರು ಬಾರಿ ತೊಳೆದ ಖಾಲಿ ಡಬ್ಬಿ ತಂದಾಗ ಹಿಂತಿರುಗಿಸುವ ವ್ಯವಸ್ಥೆಯನ್ನು ಗೊಬ್ಬರದ ಅಂಗಡಿಗಳಿಗೆ ಕಡ್ಡಾಯ ಮಾಡಬಹುದು. ಮಲ್ಚಿಂಗ್ ಶೀಟಿಗೆ ಸಹಾಯಧನ ಕೊಡುವ ತೋಟಗಾರಿಕೆ ಇಲಾಖೆ, ಸಹಾಯಧನದ ಕೊನೆಯ ಕಂತನ್ನು ಹಳೆಯ ಶೀಟ್ ಒಪ್ಪಿಸಿದ ರಸೀದಿಗೆ ಜೋಡಿಸಬಹುದು, ಎಳೆದರೆ ಹರಿಯದಷ್ಟು ದಪ್ಪದ ಶೀಟನ್ನೇ ಕೊಳ್ಳಲು ಹೇಳಬಹುದು. ಒಪ್ಪಿಸಲು ಎಲ್ಲಿಗೆ ಹೋಗಬೇಕು ಎಂದು ರೈತ ಕೇಳಿದರೆ ಉತ್ತರ ಆಗಲೇ ಇದೆ. ಬೆಳಗಿನ ಜಾವ ಹಣ್ಣು ಹೊತ್ತು ಮಂಡಿಗೆ ಬರುವ ಟೆಂಪೊ ವಾರಕ್ಕೆ ಒಂದು ದಿನ ಮೇಲೆ ಒಂದು ಮೂಟೆ ಶೀಟನ್ನೂ ಹೊತ್ತು ತರಲಿ, ಮಂಡಿಯ ಗೇಟಿನ ಪಕ್ಕ ತೂಕದ ಯಂತ್ರವೊಂದು ಇರಲಿ. ನಮ್ಮ ಹೊಲದ ಬದುವಿನ ಮೇಲೆ ನಾನು ಎತ್ತಿಟ್ಟ ರಾಶಿ ಎರಡು ಗೊಬ್ಬರದ ಚೀಲ ತುಂಬಿದೆ. ಅದನ್ನು ಒಯ್ಯಲು ಇನ್ನೂ ಎಲ್ಲಿಯೂ ಜಾಗ ಸಿಗದೆ, ಮಳೆಗೆ ಕೊಚ್ಚಿಹೋಗದಂತೆ ಅವನ್ನು ಪಂಪ್‌ಮನೆಯೊಳಗೆ ಇಟ್ಟಿದ್ದೇನೆ.